ಮತಪತ್ರದಲ್ಲಿ ಇರದ ಮೂರನೇ ಆಯ್ಕೆ: ಗೋವಾ ರಾಜ್ಯವಾದ ಬಗೆ

(ಕಾರವಾರದಲ್ಲಿ ಓದುಗ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1967ರ ಜನವರಿ 16ರಂದು ಗೋವಾದ ಜನ ಮತ ಹಾಕಲು ಸಾಲಾಗಿ ನಿಂತರು. ಶಾಸಕರನ್ನೋ ಸಂಸದರನ್ನೋ ಆರಿಸೋದಕ್ಕಲ್ಲ. ಮತಪತ್ರದಲ್ಲಿ ಯಾವ ಅಭ್ಯರ್ಥಿಯ ಹೆಸರೂ ಇರಲಿಲ್ಲ. ಎರಡೇ ಎರಡು ಗುರುತು ಇದ್ದವು: ಒಂದು ಹೂವು, ಇನ್ನೊಂದು ಎರಡು ಎಲೆ. ಹೂವಿಗೆ ಹಾಕಿದರೆ ಗೋವಾ ಮಹಾರಾಷ್ಟ್ರಕ್ಕೆ ಸೇರಲಿ ಅಂತ ಅರ್ಥ. ಎಲೆಗೆ ಹಾಕಿದರೆ ಈಗಿನ ಹಾಗೇ ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಲಿ ಅಂತ ಅರ್ಥ.

ಹೂವಿಗೆ 1,38,170 ಮತ ಬಿತ್ತು. ಎರಡು ಎಲೆಗೆ 1,72,191. ಅಂತರ 34,021. ಗೋವಾ ಮಹಾರಾಷ್ಟ್ರದ ಒಂದು ಜಿಲ್ಲೆ ಆಗೋದು ಅವತ್ತು ತಪ್ಪಿತು.

ಆದರೆ ಆ ಮತಪತ್ರದಲ್ಲಿ ಮೂರನೇ ಗುರುತು ಇರಲೇ ಇಲ್ಲ. "ನಮ್ಮದೇ ರಾಜ್ಯ ಬೇಕು" ಅನ್ನುವವರು ಎಲ್ಲಿ ಮುದ್ರೆ ಒತ್ತಬೇಕಿತ್ತು? ಎಲೆಗೆ ಹಾಕಿದ ಎಷ್ಟೋ ಜನರ ಮನಸ್ಸಿನಲ್ಲಿ ಇದ್ದದ್ದು ಅದೇ. ಎಲೆಯ ಪರ ಪ್ರಚಾರ ಮಾಡಿದ ಪಕ್ಷದ ಮೂಲ ಬೇಡಿಕೆಯೇ ಪ್ರತ್ಯೇಕ ರಾಜ್ಯ. ಅದನ್ನು ಕೇಳೋಕೆ ದೆಹಲಿ ಅವಕಾಶವನ್ನೇ ಕೊಡಲಿಲ್ಲ. ಗೋವಾ ಪೂರ್ಣ ರಾಜ್ಯವಾಗಿದ್ದು 1987ರ ಮೇ 30ಕ್ಕೆ. ಅಂದರೆ ಇಪ್ಪತ್ತು ವರ್ಷ, ಮೇಲೆ ನಾಲ್ಕು ತಿಂಗಳು. ಆ ಇಪ್ಪತ್ತು ವರ್ಷ ಯಾಕೆ ಬೇಕಾಯಿತು? ಇವತ್ತು ನಾನು ಮಾತಾಡೋದು ಮುಖ್ಯವಾಗಿ ಇದರ ಬಗ್ಗೆ.

ಸ್ವಲ್ಪ ಹಿಂದಿನಿಂದ ಬರೋಣ. 1510ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದ ಗೋವಾ ಕಿತ್ತುಕೊಂಡರು. 1961ರ ಡಿಸೆಂಬರ್ 19ಕ್ಕೆ ಭಾರತೀಯ ಸೇನೆ ಅದನ್ನು ಬಿಡಿಸಿತು. 451 ವರ್ಷ! ಬ್ರಿಟಿಷರು ಬಿಟ್ಟು ಹೋದ 14 ವರ್ಷದ ಮೇಲೆ ಗೋವಾಕ್ಕೆ ಬಿಡುಗಡೆ ಸಿಕ್ಕಿತು. ಅಷ್ಟು ಹೊತ್ತಿಗೆ ನಮ್ಮಲ್ಲಿ ಭಾಷಾವಾರು ರಾಜ್ಯಗಳು ಆಗಿಹೋಗಿದ್ದವು. 1956ರಲ್ಲಿ ವಿಶಾಲ ಮೈಸೂರು, 1960ರಲ್ಲಿ ಮಹಾರಾಷ್ಟ್ರ ಮತ್ತು ಗುಜರಾತ್. ಹಂಚಿಕೆ ಮುಗಿದ ಮೇಲೆ ಬಂದ ಗೋವಾ ಎಲ್ಲಿಗೆ ಸೇರಬೇಕು ಅಂತ ಯಾರೂ ಮೊದಲೇ ಯೋಚಿಸಿರಲಿಲ್ಲ.

ಹಾಗಾಗಿ ಗೋವಾ, ದಮನ್ ಮತ್ತು ದಿಯು ಮೂರನ್ನೂ ಸೇರಿಸಿ ಒಂದು ಕೇಂದ್ರಾಡಳಿತ ಪ್ರದೇಶ ಮಾಡಿದರು. ದಮನ್ ಇರೋದು ದಕ್ಷಿಣ ಗುಜರಾತಿನ ಅಂಚಿನಲ್ಲಿ, ದಿಯು ಸೌರಾಷ್ಟ್ರದ ತುದಿಯಲ್ಲಿ. ಆಳಿದವರು ಪೋರ್ಚುಗೀಸರು ಅನ್ನೋದು ಬಿಟ್ಟರೆ ಗೋವಾಕ್ಕೂ ಅವಕ್ಕೂ ಯಾವ ಸಂಬಂಧವೂ ಇಲ್ಲ. ಗೋವಾದ ವೈಶಿಷ್ಟ್ಯ ಉಳಿಯುತ್ತದೆ, ಜನರ ಇಚ್ಛೆಗೆ ವಿರುದ್ಧವಾಗಿ ಏನೂ ಆಗಲ್ಲ ಅಂತ ನೆಹರೂ ಭರವಸೆ ಕೊಟ್ಟಿದ್ದರು. 1963ರ ಡಿಸೆಂಬರಿನಲ್ಲಿ ಮೊದಲ ಚುನಾವಣೆ ಆಯಿತು. ಮೂವತ್ತು ಸ್ಥಾನದ ವಿಧಾನಸಭೆ. ದೇಶಕ್ಕೆಲ್ಲ ಕಾಂಗ್ರೆಸ್ ಗೆಲ್ಲುತ್ತಿದ್ದ ಕಾಲದಲ್ಲಿ ಗೋವಾದಲ್ಲಿ ಅದಕ್ಕೆ ಒಂದು ಸ್ಥಾನವೂ ಸಿಗಲಿಲ್ಲ. ಎರಡು ಸ್ಥಳೀಯ ಪಕ್ಷಗಳೇ ಇಡೀ ಆಟ ಆಡಿದವು.

ಒಂದು ಮಹಾರಾಷ್ಟ್ರವಾದಿ ಗೋಮಂತಕ ಪಕ್ಷ, ಎಂಜಿಪಿ. ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕು ಅನ್ನೋದು ಅದರ ನಿಲುವು. ಅದರ ನಾಯಕ ದಯಾನಂದ ಬಾಂದೋಡಕರ್. ಗಣಿ ಮಾಲೀಕರು, ಜನ ಪ್ರೀತಿಯಿಂದ 'ಭಾವುಸಾಹೇಬ್' ಅನ್ನುತ್ತಿದ್ದರು. ಇನ್ನೊಂದು ಪ್ರತ್ಯೇಕ ರಾಜ್ಯ ಬೇಕು ಅನ್ನುತ್ತಿದ್ದ ಯುನೈಟೆಡ್ ಗೋವನ್ಸ್ ಪಕ್ಷ. ಅದರ ನಾಯಕ ಡಾ. ಜ್ಯಾಕ್ ಡಿ ಸಿಕ್ವೇರಾ. ಎಂಜಿಪಿ ಗೆದ್ದಿತು, ಬಾಂದೋಡಕರ್ ಮೊದಲ ಮುಖ್ಯಮಂತ್ರಿಯಾದರು, ಸಿಕ್ವೇರಾ ವಿರೋಧ ಪಕ್ಷದಲ್ಲಿ ಕೂತರು.

ಇಲ್ಲಿ ಒಂದು ವಿಷಯ ನಿಧಾನವಾಗಿ ಹೇಳಬೇಕು. ಗೋವಾದ ಕಥೆ ಹೇಳುವವರು ಸಾಮಾನ್ಯವಾಗಿ ವಿಲೀನ ಬೇಕು ಅಂದವರನ್ನು ಖಳನಾಯಕರ ಹಾಗೆ ತೋರಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹೂವಿಗೆ ಮತ ಹಾಕಿದ 1,38,170 ಜನರಲ್ಲಿ ಹೆಚ್ಚಿನವರು ಯಾರು? ಗೇಣಿದಾರರು, ಕೂಲಿಗಳು, ಹಿಂದುಳಿದ ಜಾತಿಗಳ ಹಿಂದೂಗಳು. ಪೋರ್ಚುಗೀಸರ ಕಾಲದಲ್ಲಿ ಜಮೀನು, ಓದು, ಸರ್ಕಾರಿ ನೌಕರಿ ಎಲ್ಲ ಇದ್ದದ್ದು ಮೇಲ್ಜಾತಿಯ ಕೆಲವೇ ಮನೆತನಗಳ ಕೈಯಲ್ಲಿ. ಆ ಮನೆತನಗಳಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ಗೋವಾ ಪ್ರತ್ಯೇಕವಾಗಿ ಉಳಿದರೆ ಅದೇ ಮನೆಗಳು ಮತ್ತೆ ಆಳುತ್ತವೆ ಅನ್ನೋದು ಬಡವರ ಭಯ. ಪಕ್ಕದ ಮಹಾರಾಷ್ಟ್ರದಲ್ಲಿ ಜ್ಯೋತಿಬಾ ಫುಲೆ, ಶಾಹು ಮಹಾರಾಜ, ಅಂಬೇಡ್ಕರ್ ಕಟ್ಟಿದ ಚಳವಳಿಗಳ ನೆಲ ಇತ್ತು. ದೊಡ್ಡ ರಾಜ್ಯಕ್ಕೆ ಸೇರಿದರೆ ಊರಿನ ಜಮೀನ್ದಾರನ ಹಿಡಿತ ಸಡಿಲವಾಗುತ್ತದೆ ಅಂತ ಅವರು ಲೆಕ್ಕ ಹಾಕಿದರು. ತಪ್ಪು ಲೆಕ್ಕವೇನಲ್ಲ. ಬಾಂದೋಡಕರ್ ಸ್ವತಃ ಮೇಲ್ಜಾತಿಯವರಲ್ಲ. 1964ರಲ್ಲಿ ಗೇಣಿ ಕಾಯ್ದೆ ತಂದರು, ಹಳ್ಳಿಹಳ್ಳಿಗೂ ಮರಾಠಿ ಪ್ರಾಥಮಿಕ ಶಾಲೆ ತೆರೆದರು. ಅಪ್ಪ-ಅಜ್ಜ ಶಾಲೆಯ ಮೆಟ್ಟಿಲು ಹತ್ತದ ಮನೆಗಳ ಮಕ್ಕಳು ಅಲ್ಲಿ ಅಕ್ಷರ ಕಲಿತರು. ಆ ಮಕ್ಕಳಿಗೆ ಮರಾಠಿ ಅಂದರೆ ಓದು ಮತ್ತು ಮರ್ಯಾದೆ.

ಇನ್ನೊಂದು ಕಡೆಯವರ ಭಯವೂ ಅಷ್ಟೇ ನಿಜ. ದೊಡ್ಡ ಮಹಾರಾಷ್ಟ್ರದ ಒಂದು ಮೂಲೆ ಆಗಿಬಿಟ್ಟರೆ ಕೊಂಕಣಿಯನ್ನು ಕೇಳೋರು ಯಾರು? ಕೊಂಕಣಿ ಮರಾಠಿಯ ಒಂದು ಉಪಭಾಷೆ ಅಂತ ವಿಲೀನವಾದಿಗಳು ಹೇಳುತ್ತಿದ್ದರು. ಹಾಗೆ ಹೇಳಿದ ಮೇಲೆ ಪ್ರತ್ಯೇಕ ರಾಜ್ಯದ ವಾದವೇ ಬಿದ್ದುಹೋಗುತ್ತದೆ ಅಲ್ವಾ? ಅಂದರೆ ಭಾಷೆಯ ಪ್ರಶ್ನೆ ಮತ್ತು ರಾಜ್ಯದ ಪ್ರಶ್ನೆ ಮೊದಲ ದಿನದಿಂದಲೂ ಒಂದೇ ಗಂಟು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಗಂಟು ಕಾರವಾರಕ್ಕೆ ಹೊಸದಲ್ಲ. ಕೊಂಕಣಿ ತನ್ನದೇ ಕಾಲ ಮೇಲೆ ನಿಲ್ಲುವ ಭಾಷೆ ಅಂತ ಜನ ಸೇರಿ ಸಾರಿದ ಮೊದಲ ಕೊಂಕಣಿ ಪರಿಷತ್ತು 1939ರಲ್ಲಿ ನಡೆದದ್ದು ಇದೇ ಊರಿನಲ್ಲಿ. ಗೋವಾದಲ್ಲಿ ಅಂಥ ಸಭೆ ಮಾಡೋಕೆ ಪೋರ್ಚುಗೀಸರ ಆಡಳಿತದಲ್ಲಿ ಸ್ವಾತಂತ್ರ್ಯ ಎಲ್ಲಿತ್ತು? ಇನ್ನೂ ಒಂದು ವಿಷಯ. ಕೊಂಕಣಿ ಮರಾಠಿಯೇ ಅನ್ನುವ ವಾದ ಗೋವಾಕ್ಕೆ ಮಾತ್ರ ನಿಲ್ಲುತ್ತಿರಲಿಲ್ಲ. ಮಹಾರಾಷ್ಟ್ರ ಆಗ ಬೆಳಗಾವಿ, ನಿಪ್ಪಾಣಿ ಜೊತೆಗೆ ಕಾರವಾರವನ್ನೂ ಕೇಳುತ್ತಿತ್ತು. ಆ ಗಡಿ ಜಗಳ ಬಗೆಹರಿಸಲು ಕೇಂದ್ರ 1966ರ ಅಕ್ಟೋಬರಿನಲ್ಲಿ ಮಹಾಜನ್ ಆಯೋಗ ನೇಮಿಸಿತು. ಮೂರು ತಿಂಗಳೂ ಕಳೆದಿರಲಿಲ್ಲ, ಗೋವಾದಲ್ಲಿ ಮತದಾನ. ಗೋವಾ ಮಹಾರಾಷ್ಟ್ರಕ್ಕೆ ಹೋಗೋದು ಮೈಸೂರು ರಾಜ್ಯಕ್ಕೂ ಬೇಡವಾಗಿತ್ತು. ಹೂವು ಗೆದ್ದಿದ್ದರೆ ಗೋವಾ ಗಡಿಯ ಮಾಜಾಳಿಯ ಆಚೆ ಇವತ್ತು ಮಹಾರಾಷ್ಟ್ರ ಇರುತ್ತಿತ್ತು. ಕಾರವಾರದ ಮೇಲಿನ ಹಕ್ಕಿನ ಮಾತು ಆಗ ಎಷ್ಟು ಜೋರಾಗುತ್ತಿತ್ತು ಅಂತ ನೀವೇ ಊಹಿಸಿ.

ಈಗ ಮತದಾನದ ಕಥೆಗೆ ಬರೋಣ. ಎಂಜಿಪಿಗೆ ವಿಧಾನಸಭೆಯಲ್ಲಿ ಬಹುಮತ ಇತ್ತು. ವಿಲೀನದ ನಿರ್ಣಯ ಪಾಸು ಮಾಡಿಸೋದು ಅವರಿಗೆ ಕಷ್ಟವಿರಲಿಲ್ಲ, ಮಾಡಿಸಿದರು ಕೂಡ. ಅಲ್ಲಿಗೇ ಕಥೆ ಮುಗಿಯಬಹುದಿತ್ತು. ನಮ್ಮ ಸಂವಿಧಾನದ 3ನೇ ವಿಧಿ ನೋಡಿ. ರಾಜ್ಯಗಳನ್ನು ಒಡೆಯೋದು, ಸೇರಿಸೋದು, ಗಡಿ ಬದಲಿಸೋದು ಎಲ್ಲ ಸಂಸತ್ತಿನ ಕೈಯಲ್ಲಿದೆ. ಅದಕ್ಕೆ ಸಾಮಾನ್ಯ ಬಹುಮತ ಸಾಕು. ಆಯಾ ರಾಜ್ಯದ ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಆದರೆ ಒಪ್ಪಲೇಬೇಕು ಅಂತಿಲ್ಲ. ಜನರನ್ನಂತೂ ಕೇಳಬೇಕಾಗೇ ಇಲ್ಲ.

ಸಿಕ್ವೇರಾ ಮಾಡಿದ ದೊಡ್ಡ ಕೆಲಸ ಇಲ್ಲಿದೆ. "ಇದು ಶಾಸಕರು ಕೈ ಎತ್ತಿ ತೀರ್ಮಾನ ಮಾಡುವ ವಿಷಯ ಅಲ್ಲ, ಜನರನ್ನೇ ನೇರವಾಗಿ ಕೇಳಿ" ಅಂತ ಪಟ್ಟು ಹಿಡಿದರು. ಪಕ್ಷದ ಶಾಸಕರ ಜೊತೆ ದೆಹಲಿಗೆ ಓಡಾಡಿದರು. ನೆಹರೂ ತೀರಿಕೊಂಡರು, ಶಾಸ್ತ್ರಿ ಬಂದರು, ಅವರೂ ತೀರಿಕೊಂಡರು. ಕೊನೆಗೆ ಇಂದಿರಾ ಗಾಂಧಿ ಸರ್ಕಾರ ಒಪ್ಪಿತು. 1966ರ ಡಿಸೆಂಬರಿನಲ್ಲಿ ಸಂಸತ್ತು ಇದಕ್ಕಾಗಿಯೇ ಒಂದು ಕಾಯ್ದೆ ಮಾಡಿತು. ಒಂದು ಪ್ರದೇಶದ ಭವಿಷ್ಯವನ್ನು ಅಲ್ಲಿನ ಜನರ ಮತಕ್ಕೆ ಬಿಟ್ಟದ್ದು ನಮ್ಮ ದೇಶದಲ್ಲಿ ತೀರಾ ಅಪರೂಪ. ತೆಲಂಗಾಣಕ್ಕೆ ಹೀಗೆ ಕೇಳಲಿಲ್ಲ, ಜಾರ್ಖಂಡಿಗೆ ಕೇಳಲಿಲ್ಲ. ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತವರೇ ಒಂದು ಪಕ್ಷ ವಹಿಸಿದರೆ ಮತದಾನ ನ್ಯಾಯವಾಗಿ ನಡೆಯುತ್ತಾ ಅನ್ನುವ ಪ್ರಶ್ನೆ ಬಂತು. ಬಾಂದೋಡಕರ್ ರಾಜೀನಾಮೆ ಕೊಟ್ಟು ಹೊರಬಂದರು. ಇದು ಸಣ್ಣ ಮಾತಲ್ಲ. ಅಧಿಕಾರ ಕೈಯಲ್ಲಿದ್ದಾಗ ಬಿಟ್ಟು ಜನರ ಮುಂದೆ ನಿಂತ ಆ ನಡೆಗೆ ನನ್ನ ಪೂರ್ತಿ ಗೌರವ ಇದೆ.

ಸಿಕ್ವೇರಾ ಕೇಳಿದ್ದೆಲ್ಲ ಸಿಗಲಿಲ್ಲ. ಮುಂಬೈಯಲ್ಲಿ, ಬೇರೆ ಊರುಗಳಲ್ಲಿ ದುಡಿಯುತ್ತಿದ್ದ ಗೋವಾದವರಿಗೂ ಮತ ಕೊಡಿ ಅಂದಿದ್ದರು. ಕೊಡಲಿಲ್ಲ. ಪ್ರತ್ಯೇಕ ರಾಜ್ಯ ಅನ್ನುವ ಆಯ್ಕೆಯಂತೂ ಮತಪತ್ರಕ್ಕೆ ಬರಲೇ ಇಲ್ಲ.

ಪ್ರಚಾರದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಕೊಂಕಣಿ ಉಳಿಸಬೇಕು, ವಿಲೀನ ಬೇಡ ಅಂತ ಹಿಂದೂ ಮನೆಗಳ ಒಳಗೆ ಹೋಗಿ ಹೇಳಿದ್ದು ಒಂದು ಮರಾಠಿ ಪತ್ರಿಕೆ! ಮಡಗಾಂವಿನಿಂದ ಬರುತ್ತಿದ್ದ 'ರಾಷ್ಟ್ರಮತ'. ಚಂದ್ರಕಾಂತ ಕೇಣಿ ಅದರ ಸಂಪಾದಕರು. ಉದಯ ಭೆಂಬ್ರೆ ಅನ್ನುವ ಯುವಕ ಅದರಲ್ಲಿ 'ಬ್ರಹ್ಮಾಸ್ತ್ರ' ಅಂತ ಅಂಕಣ ಬರೆಯುತ್ತಿದ್ದರು. ಹಿಂದೂಗಳಲ್ಲಿ ಓದು ಬಲ್ಲವರು ಓದುತ್ತಿದ್ದದ್ದು ಮರಾಠಿ. ಹಾಗಾಗಿ ಅವರಿಗೆ ಮರಾಠಿಯಲ್ಲೇ ಹೇಳಬೇಕಿತ್ತು, ಹೇಳಿದರು. ಕವಿ ಮನೋಹರರಾಯ ಸರದೇಸಾಯಿ ಪದ ಕಟ್ಟಿದರು, ಉಲ್ಹಾಸ್ ಬುಯಾಂವ್ ಊರೂರಿಗೆ ಹೋಗಿ ಹಾಡಿದರು. "ತುಮ್ಚೆಂ ಮತ ಕೊಣಾಂಕ್? ದೋನ್ ಪಾನಾಂಕ್!" ಅನ್ನುವ ಕೂಗು ಹಳ್ಳಿಗಳಲ್ಲಿ ಓಡಾಡಿತು. ನಿಮ್ಮ ಮತ ಯಾರಿಗೆ, ಎರಡು ಎಲೆಗೆ ಅಂತ.

ಇದು ಬರೀ ಕ್ರೈಸ್ತರ ಗೆಲುವು ಅಂತ ಹೇಳುವವರು ಇದ್ದಾರೆ. ಲೆಕ್ಕ ಹಾಕಿ ನೋಡಿ. ಕ್ರೈಸ್ತರು ಆಗ ಜನಸಂಖ್ಯೆಯ ಸುಮಾರು ಮೂರರಲ್ಲೊಂದು ಭಾಗ. ಎಲೆಗೆ ಬಿದ್ದದ್ದು ಅರ್ಧಕ್ಕಿಂತ ಜಾಸ್ತಿ. ಸಾವಿರಾರು ಹಿಂದೂಗಳು ಎಲೆಗೆ ಒತ್ತದೆ ಇದು ಆಗೋಕೆ ಸಾಧ್ಯವೇ ಇರಲಿಲ್ಲ.

ಊರುಗಳ ಲೆಕ್ಕದಲ್ಲಿ ಮಾತ್ರ ಗೋವಾ ಎರಡು ಹೋಳಾಗಿತ್ತು. ಸಾಸಷ್ಟಿ, ತಿಸವಾಡಿ ಕಡೆ ಎಲೆ ಗೆದ್ದಿತು. ಪೆಡಣೆ, ಡಿಚೋಲಿ, ಸತ್ತರಿ, ಫೋಂಡಾ ಕಡೆ ಹೂವು. ಇದರ ಹಿಂದೆ ಹಳೆಯ ಚರಿತ್ರೆ ಇದೆ. ಕರಾವಳಿಯ ಭಾಗ 16ನೇ ಶತಮಾನದಿಂದಲೇ ಪೋರ್ಚುಗೀಸರ ಕೈಯಲ್ಲಿತ್ತು. ಒಳನಾಡು ಅವರಿಗೆ ಸಿಕ್ಕಿದ್ದು 18ನೇ ಶತಮಾನದಲ್ಲಿ. ಅದರಲ್ಲಿ ಫೋಂಡಾ, ಕೇಪೆ, ಕಾಣಕೋಣದ ಭಾಗಗಳು ಬಂದದ್ದು ನಮ್ಮ ಸೋದೆ ಅರಸರಿಂದ. ಅಷ್ಟು ಹೊತ್ತಿಗೆ ಬಲವಂತದ ಮತಾಂತರದ ಕಾಲ ಮುಗಿದಿತ್ತು. ಸಾಸಷ್ಟಿಯಿಂದ ಓಡಿಬಂದ ದೇವರುಗಳಿಗೆ ಜಾಗ ಕೊಟ್ಟದ್ದು ಫೋಂಡಾ ಸೀಮೆ. ಮಂಗೇಶಿ, ಕವಳೆಯ ಶಾಂತಾದುರ್ಗೆ ಅಲ್ಲಿಗೆ ಬಂದದ್ದು ಹಾಗೆ. ಈ ಸಭೆಯಲ್ಲೂ ಅವರನ್ನು ಕುಲದೇವರು ಅಂತ ನಡೆದುಕೊಳ್ಳುವ ಮನೆಗಳವರು ಇದ್ದೀರಿ. ಒಂದೇ ಗೋವಾದಲ್ಲಿ ಎರಡು ಬೇರೆ ಬೇರೆ ನೆನಪು ಇದ್ದವು. 1967ರ ಮತ ಬಿದ್ದದ್ದು ಆ ನೆನಪುಗಳ ಪ್ರಕಾರ.

ಫಲಿತಾಂಶ ಬಂದ ಎರಡು ತಿಂಗಳಿಗೆ ವಿಧಾನಸಭಾ ಚುನಾವಣೆ. ಅದೇ ಜನ ಬಾಂದೋಡಕರ್ ಅವರನ್ನೇ ಮತ್ತೆ ಗೆಲ್ಲಿಸಿದರು! "ನಿಮ್ಮ ವಿಲೀನ ಬೇಡ, ನೀವು ಬೇಕು" ಅಂದ ಹಾಗಾಯಿತು. ಇಷ್ಟು ಸ್ಪಷ್ಟವಾಗಿ ಬಿಡಿಸಿ ಹೇಳಿದ ಮತದಾರರನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಾಂದೋಡಕರ್ 1973ರಲ್ಲಿ ತೀರಿಕೊಳ್ಳುವ ತನಕ ಮುಖ್ಯಮಂತ್ರಿಯಾಗಿದ್ದರು. ಆಮೇಲೆ ಅವರ ಮಗಳು ಶಶಿಕಲಾ ಕಾಕೋಡಕರ್ ಬಂದರು.

ಸರಿ, ಕೇಂದ್ರಾಡಳಿತ ಪ್ರದೇಶವಾಗಿ ಉಳಿದದ್ದಾಯಿತು. ವಿಧಾನಸಭೆ ಇದೆ, ಮುಖ್ಯಮಂತ್ರಿ ಇದ್ದಾರೆ. ಇನ್ನೇನು ಬೇಕು ಅಂತ ಯಾರಾದರೂ ಕೇಳಬಹುದು. ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕಲ್ಲ, ಹಾಗಿತ್ತು ಆ ಸ್ಥಿತಿ. ರಾಜ್ಯಪಾಲರ ಜಾಗದಲ್ಲಿ ಲೆಫ್ಟಿನೆಂಟ್ ಗವರ್ನರ್. ಅವರಿಗೂ ಮಂತ್ರಿಮಂಡಳಕ್ಕೂ ಭಿನ್ನಾಭಿಪ್ರಾಯ ಬಂದರೆ ವಿಷಯ ರಾಷ್ಟ್ರಪತಿಗೆ, ಅಂದರೆ ಕೇಂದ್ರ ಸರ್ಕಾರಕ್ಕೆ ಹೋಗುತ್ತದೆ. ರಾಜ್ಯಗಳಿಗೆ ಮಾತ್ರ ಬಿಟ್ಟ ವಿಷಯಗಳ ಮೇಲೂ ಇಲ್ಲಿಗೆ ಸಂಸತ್ತೇ ಕಾನೂನು ಮಾಡಬಹುದು. ಎಷ್ಟೋ ಮಸೂದೆಗಳು ಒಪ್ಪಿಗೆಗೆ ದೆಹಲಿಗೆ ಹೋಗಬೇಕು. ರಾಜ್ಯಸಭೆಯಲ್ಲಿ ಗೋವಾಕ್ಕೆ ಒಂದು ಸ್ಥಾನವೂ ಇರಲಿಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ಎಲ್ಲ ರಾಜ್ಯಗಳ ಶಾಸಕರೂ ಮತ ಹಾಕುತ್ತಾರೆ. ಗೋವಾದ ಶಾಸಕರಿಗೆ ಆ ಹಕ್ಕಿಲ್ಲ. ಒಬ್ಬ ಶಾಸಕ ಜನರಿಂದ ಗೆದ್ದು ಬಂದೂ ಪಕ್ಕದ ಕಾರವಾರದ ಶಾಸಕರಿಗಿಂತ ಕಡಿಮೆ ಶಾಸಕ.

ಇದನ್ನು ಹೋಲಿಸಿ ನೋಡಲು ಒಂದು ದಾರಿ ಇದೆ. ಕೇಂದ್ರಾಡಳಿತ ಪ್ರದೇಶಗಳಿಗೆ ವಿಧಾನಸಭೆ ಕೊಟ್ಟ 1963ರ ಕಾಯ್ದೆ ಗೋವಾಕ್ಕೆ ಮಾತ್ರ ಇದ್ದದ್ದಲ್ಲ. ಹಿಮಾಚಲ, ಮಣಿಪುರ, ತ್ರಿಪುರಾ, ಪುದುಚೇರಿಯೂ ಅದೇ ಕಾಯ್ದೆಯ ಕೆಳಗೆ ಬಂದಿದ್ದವು. ಹಿಮಾಚಲ 1971ರಲ್ಲಿ ರಾಜ್ಯವಾಯಿತು. ಮಣಿಪುರ, ತ್ರಿಪುರಾ 1972ರಲ್ಲಿ ಆದವು. ಗೋವಾ ಕಾಯುತ್ತಲೇ ಇತ್ತು. ಇಷ್ಟು ಸಣ್ಣ ಪ್ರದೇಶ ತನ್ನ ಖರ್ಚು ತಾನು ನೋಡಿಕೊಳ್ಳುತ್ತಾ ಅನ್ನುವ ಅನುಮಾನ ಒಂದು ಕಾರಣ. 1975ರಲ್ಲಿ ಸಿಕ್ಕಿಂ ರಾಜ್ಯವಾದ ಮೇಲೆ ಆ ಮಾತಿಗೆ ಬೆಲೆ ಉಳಿಯಲಿಲ್ಲ. 1981ರ ಜನಗಣತಿಯಲ್ಲಿ ಸಿಕ್ಕಿಂನಲ್ಲಿ ಸುಮಾರು 3 ಲಕ್ಷ ಜನ, ಗೋವಾದಲ್ಲಿ 10 ಲಕ್ಷ.

ನಿಜವಾದ ತಡೆ ಬೇರೆ ಇತ್ತು. ಗೋವಾದವರು ತಮ್ಮೊಳಗೇ ಒಂದು ವಿಷಯ ಬಗೆಹರಿಸಿಕೊಂಡಿರಲಿಲ್ಲ. ರಾಜ್ಯದ ಭಾಷೆ ಯಾವುದು? ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ಕಟ್ಟಿದ ದೇಶದಲ್ಲಿ ಈ ಪ್ರಶ್ನೆ ತಪ್ಪಿಸಿಕೊಳ್ಳೋಕೆ ಆಗಲ್ಲ. ವಿಲೀನದ ಮಾತು ನಿಧಾನವಾಗಿ ತಣ್ಣಗಾಯಿತು. ಎಂಜಿಪಿ ಬೆಂಬಲಿಸಿದವರೂ ಗೋವಾ ಗೋವಾವಾಗೇ ಇರಲಿ ಅನ್ನುವ ಕಡೆಗೆ ಬಂದರು. ವಿಧಾನಸಭೆ ರಾಜ್ಯ ಬೇಕು ಅಂತ ನಿರ್ಣಯ ಮಾಡಿತು. ಆದರೆ ಆ ರಾಜ್ಯದ ಕಚೇರಿಯಲ್ಲಿ ಕೊಂಕಣಿ ಇರಬೇಕಾ, ಮರಾಠಿ ಇರಬೇಕಾ ಅನ್ನೋದು ಹಾಗೇ ಉಳಿಯಿತು.

ಮೊದಲ ದಾರಿ ತೆರೆದದ್ದು 1975ರಲ್ಲಿ. ಕೊಂಕಣಿ ಸ್ವತಂತ್ರ ಸಾಹಿತ್ಯ ಭಾಷೆ ಅಂತ ಸಾಹಿತ್ಯ ಅಕಾಡೆಮಿ ಒಪ್ಪಿಕೊಂಡಿತು. 1980ರಲ್ಲಿ ಎಂಜಿಪಿ ಸೋತು ಪ್ರತಾಪಸಿಂಗ್ ರಾಣೆ ಮುಖ್ಯಮಂತ್ರಿಯಾದರು. ರಾಣೆ ಒಂದು ಕಾಲಕ್ಕೆ ಬಾಂದೋಡಕರ್ ಸರ್ಕಾರದಲ್ಲೇ ಮಂತ್ರಿಯಾಗಿದ್ದವರು. ವಿಲೀನದ ಪಕ್ಷದಿಂದ ಬಂದವರೇ ಮುಂದೆ ಗೋವಾ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು ಅನ್ನೋದನ್ನು ಗಮನಿಸಿ.

ಮೊದಲು ಭಾಷೆ ಇತ್ಯರ್ಥ ಮಾಡಿಕೊಳ್ಳಿ, ಆಮೇಲೆ ರಾಜ್ಯ ಅನ್ನೋದು ದೆಹಲಿಯ ನಿಲುವಾಯಿತು. ಅದು ಬೆಂಕಿಗೆ ತುಪ್ಪ ಹೊಯ್ದಿತು. 1985ರಲ್ಲಿ ಶಾಸಕ ಲುಯಿಜಿನ್ಹೊ ಫಲೇರೊ ಕೊಂಕಣಿಗಾಗಿ ಖಾಸಗಿ ಮಸೂದೆ ತಂದರು. ಅದು ಬಿದ್ದುಹೋಯಿತು. ಆಗ ಹುಟ್ಟಿದ್ದು 'ಕೊಂಕಣಿ ಪ್ರಜೆಚೊ ಆವಾಜ್' ಚಳವಳಿ. 'ರಾಷ್ಟ್ರಮತ'ದಲ್ಲಿ ಅಂಕಣ ಬರೆಯುತ್ತಿದ್ದ ಉದಯ ಭೆಂಬ್ರೆ ಈಗ ಶಾಸಕರು, ಅವರೂ ಇದರಲ್ಲಿದ್ದರು. ಮರಾಠಿಗೆ ಸಮಾನ ಸ್ಥಾನ ಬೇಕು ಅಂತ ಇನ್ನೊಂದು ಚಳವಳಿಯೂ ಎದ್ದಿತು. ಸುಮಾರು ಒಂದೂವರೆ ವರ್ಷ ಬಂದ್, ಮೆರವಣಿಗೆ, ರಸ್ತೆಗೆ ಮರ ಕಡಿದು ಹಾಕೋದು. 1986ರ ಡಿಸೆಂಬರಿನಲ್ಲಿ ಹಿಂಸೆ ಹಬ್ಬಿತು. ಕೊಂಕಣಿ ಚಳವಳಿಯಲ್ಲಿ ಏಳು ಜನ ಜೀವ ಕಳೆದುಕೊಂಡರು. ಗೋವಾ ಅಂದರೆ ಹೊರಗಿನವರಿಗೆ ಸಮುದ್ರ ತೀರ ಮತ್ತು ರಜೆ. ಅಲ್ಲಿ ಭಾಷೆಗಾಗಿ ಜನ ಸತ್ತಿದ್ದಾರೆ ಅನ್ನೋದು ಪಕ್ಕದಲ್ಲೇ ಇರುವ ನಮಗೂ ಮರೆತುಹೋಗಿದೆ. ಇದು ನನಗೆ ನೋವು ಕೊಡುವ ವಿಷಯ.

1987ರ ಫೆಬ್ರವರಿ 4ಕ್ಕೆ ಅಧಿಕೃತ ಭಾಷಾ ಮಸೂದೆ ಪಾಸಾಯಿತು. ದೇವನಾಗರಿ ಲಿಪಿಯ ಕೊಂಕಣಿ ಅಧಿಕೃತ ಭಾಷೆ. ಸರ್ಕಾರಿ ಕೆಲಸಗಳಿಗೆ ಮರಾಠಿಯನ್ನೂ ಬಳಸಬಹುದು. ದಮನ್ ಮತ್ತು ದಿಯುವಿನಲ್ಲಿ ಗುಜರಾತಿ. ಯಾರಿಗೂ ಪೂರ್ತಿ ತೃಪ್ತಿ ಆಗಲಿಲ್ಲ. ಮರಾಠಿಯವರಿಗೆ ಎರಡನೇ ಸಾಲಿನಲ್ಲಿ ಕೂರಿಸಿದರು ಅನ್ನುವ ಬೇಸರ. ಹೆಚ್ಚು ಅನ್ಯಾಯ ಆದದ್ದು ರೋಮನ್ ಲಿಪಿಯಲ್ಲಿ ಕೊಂಕಣಿ ಬರೆಯುವ ಕ್ರೈಸ್ತರಿಗೆ ಅಂತ ನನ್ನ ಅಭಿಪ್ರಾಯ. ಚಳವಳಿಯಲ್ಲಿ ಬೀದಿಗೆ ಇಳಿದವರು ಜಾಸ್ತಿ ಅವರೇ. ಕಾಯ್ದೆಯಲ್ಲಿ ಅವರ ಲಿಪಿಗೆ ಜಾಗವೇ ಸಿಗಲಿಲ್ಲ. ಆ ದೂರು ಇವತ್ತಿಗೂ ಮುಗಿದಿಲ್ಲ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವ ನಮ್ಮ ಕಡೆಯವರಿಗೆ ಆ ಸಂಕಟ ಬೇಗ ಅರ್ಥವಾಗುತ್ತದೆ.

ಆಮೇಲಿನದ್ದು ಬೇಗ ಬೇಗ ಆಯಿತು. ಫೆಬ್ರವರಿ 20ಕ್ಕೆ ಮಿಜೋರಾಂ ಮತ್ತು ಅರುಣಾಚಲ ರಾಜ್ಯಗಳಾದವು. ಅವೆರಡರ ಜನಸಂಖ್ಯೆಯೂ ಗೋವಾಕ್ಕಿಂತ ಕಡಿಮೆ. ಇನ್ನು ಗೋವಾಕ್ಕೆ ಇಲ್ಲ ಅನ್ನೋಕೆ ಯಾವ ಕಾರಣವೂ ಉಳಿಯಲಿಲ್ಲ. ಸಂವಿಧಾನದ 56ನೇ ತಿದ್ದುಪಡಿ ಬಂತು. ಮೇ 30ರಂದು 3,702 ಚದರ ಕಿಲೋಮೀಟರಿನ ಗೋವಾ ದೇಶದ 25ನೇ ರಾಜ್ಯವಾಯಿತು. ದಮನ್ ಮತ್ತು ದಿಯು ಬೇರೆಯಾಗಿ ಕೇಂದ್ರಾಡಳಿತದಲ್ಲೇ ಉಳಿದವು. ವಿಧಾನಸಭೆಗೆ 40 ಸ್ಥಾನ, ರಾಜ್ಯಸಭೆಗೆ ಒಂದು. 1992ರಲ್ಲಿ ಕೊಂಕಣಿ ಸಂವಿಧಾನದ ಭಾಷೆಗಳ ಪಟ್ಟಿಗೂ, ಅಂದರೆ ಎಂಟನೇ ಪರಿಚ್ಛೇದಕ್ಕೂ ಸೇರಿತು. ಸಿಕ್ವೇರಾ ಇದೆಲ್ಲದರಲ್ಲಿ ರಾಜ್ಯ ಆಗೋದನ್ನು ಕಣ್ಣಾರೆ ನೋಡಿದರು. 1989ರಲ್ಲಿ ತೀರಿಕೊಂಡರು.

ರಾಜ್ಯ ಸಿಕ್ಕ ಕೂಡಲೇ ಎಲ್ಲ ಸರಿಹೋಯಿತು ಅಂತ ನಾನು ಹೇಳಲ್ಲ. 1990ರ ದಶಕದಲ್ಲಿ ಗೋವಾ ಸರ್ಕಾರಗಳು ಮೇಲಿಂದ ಮೇಲೆ ಬಿದ್ದವು. ನಾಲ್ಕೈದು ಶಾಸಕರು ಆ ಕಡೆಯಿಂದ ಈ ಕಡೆಗೆ ಬಂದರೆ ಸರ್ಕಾರ ಹೋಯಿತು. ಸಣ್ಣ ವಿಧಾನಸಭೆಯ ಕಷ್ಟ ಇದು. ಗೋವಾಕ್ಕೆ ಇವತ್ತಿಗೂ ಸ್ವಂತ ಹೈಕೋರ್ಟ್ ಇಲ್ಲ, ಬಾಂಬೆ ಹೈಕೋರ್ಟಿನ ಪೀಠ ಇದೆ. ಐಎಎಸ್ ಅಧಿಕಾರಿಗಳು ಅರುಣಾಚಲ, ಮಿಜೋರಾಂ ಮತ್ತು ಕೇಂದ್ರಾಡಳಿತ ಪ್ರದೇಶಗಳ ಜೊತೆ ಹಂಚಿಕೊಂಡ ಕೇಡರಿನಿಂದ ಬರುತ್ತಾರೆ. ಅವರನ್ನು ವರ್ಗ ಮಾಡೋದು ದೆಹಲಿ. ಎಲ್ಲಕ್ಕಿಂತ ದೊಡ್ಡದು ಜಮೀನಿನ ವಿಷಯ. ಮಿಜೋರಾಂಗೆ ಸಂವಿಧಾನದ 371-ಜಿ ವಿಧಿಯಲ್ಲಿ ಭೂಮಿಗೆ ರಕ್ಷಣೆ ಸಿಕ್ಕಿತು. ಅದೇ ವರ್ಷ ಗೋವಾಕ್ಕೆ ಸಿಕ್ಕ 371-ಐ ವಿಧಿ ಓದಿದರೆ ನಿರಾಶೆ ಆಗುತ್ತದೆ. ವಿಧಾನಸಭೆಯಲ್ಲಿ 30ಕ್ಕಿಂತ ಕಡಿಮೆ ಸದಸ್ಯರಿರಬಾರದು ಅಂತ ಮಾತ್ರ ಇದೆ. ಇಪ್ಪತ್ತು ವರ್ಷ ಭಾಷೆಯ ಜಗಳದಲ್ಲಿ ಕಳೆದು, ನೆಲದ ಬಗ್ಗೆ ಕೇಳಬೇಕಾದ ಹೊತ್ತಿನಲ್ಲಿ ಗೋವಾದ ನಾಯಕರು ಕೇಳಲಿಲ್ಲ. ಈಗ ಅಲ್ಲಿ ಗುಡ್ಡ ಕಡಿಯೋದು, ಗದ್ದೆ ಮಾರೋದು ನೋಡಿದಾಗ ಆ ಮೌನದ ಬೆಲೆ ಎಷ್ಟು ಅಂತ ಗೊತ್ತಾಗುತ್ತದೆ.

ಮಾತು ಮುಗಿದ ಮೇಲೆ ಒಬ್ಬ ಹಿರಿಯರು ಎದ್ದು ಕೇಳಿದರು: "ಗೋವಾ ರಾಜ್ಯ ಆಗಿದ್ದರಿಂದಲೇ ಅಲ್ವಾ ಮಹದಾಯಿಯಲ್ಲಿ ನಮಗೆ ಇಷ್ಟು ತೊಂದರೆ? ಕೇಂದ್ರಾಡಳಿತ ಇದ್ದಿದ್ದರೆ ದೆಹಲಿ ಜೊತೆ ಮಾತಾಡಿ ಮುಗಿಸಬಹುದಿತ್ತಲ್ಲ?"

ಪ್ರಶ್ನೆ ಬಹಳ ಸರಿಯಾದದ್ದು. ಮಹದಾಯಿ ಹುಟ್ಟೋದು ಖಾನಾಪುರದ ಕಾಡಿನಲ್ಲಿ, ಸಮುದ್ರ ಸೇರೋದು ಪಣಜಿಯ ಹತ್ತಿರ ಮಾಂಡವಿ ಅನ್ನುವ ಹೆಸರಿನಲ್ಲಿ. ಅಂತರರಾಜ್ಯ ಜಲವಿವಾದ ಕಾಯ್ದೆಯ ಪ್ರಕಾರ ದೂರು ಕೊಡುವ ಹಕ್ಕು ಇರೋದು ರಾಜ್ಯ ಸರ್ಕಾರಗಳಿಗೆ. ಗೋವಾ 2002ರಲ್ಲಿ ನ್ಯಾಯಮಂಡಳಿ ಕೇಳಿತು, 2010ರಲ್ಲಿ ಅದು ರಚನೆಯಾಯಿತು, 2018ರಲ್ಲಿ ತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33. ಎರಡು ಕಡೆಯವರೂ ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋದರು. ಹುಬ್ಬಳ್ಳಿ-ಧಾರವಾಡದ, ನರಗುಂದ-ನವಲಗುಂದದ ಜನರಿಗೆ ಕಳಸಾ-ಬಂಡೂರಿ ನೀರು ಬೇಕು, ಬೇಗ ಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಎರಡು ಲೋಕಸಭಾ ಸ್ಥಾನದ ಗೋವಾ 28 ಸ್ಥಾನದ ಕರ್ನಾಟಕದ ಎದುರು ಸಮನಾಗಿ ಕೂತು ವಾದ ಮಾಡುತ್ತದೆ. ಒಕ್ಕೂಟದಲ್ಲಿ ಪೂರ್ಣ ರಾಜ್ಯ ಅಂದರೆ ಇದೇ. ಕಾವೇರಿಯಲ್ಲಿ ನಾವು ಕೇಳುವ ನ್ಯಾಯವೂ ಇದೇ ತತ್ವದ ಮೇಲೆ ನಿಂತಿದೆ. ಗೋವಾಕ್ಕೆ ಆ ಹಕ್ಕು ಇರಬಾರದಿತ್ತು ಅನ್ನೋಕೆ ನನ್ನಿಂದ ಆಗಲ್ಲ. ದೆಹಲಿ ಜೊತೆ ಮಾತಾಡಿ ಮುಗಿಸೋದು ಸುಲಭ ಅಂದಿರಿ. ಇವತ್ತು ಗೋವಾದ ನೀರನ್ನು ಹಾಗೆ ಮುಗಿಸುವ ದೆಹಲಿ ನಾಳೆ ನಮ್ಮ ನೀರನ್ನೂ ಹಾಗೇ ಮುಗಿಸಬಹುದು.

ಕಾಲೇಜಿನ ಹುಡುಗಿಯೊಬ್ಬಳು ಇನ್ನೊಂದು ಕೇಳಿದಳು: "ಸರ್, ಒಮ್ಮೆ ರಾಜ್ಯ ಆದರೆ ಯಾವಾಗಲೂ ರಾಜ್ಯವೇನಾ?"

ಇಲ್ಲಮ್ಮ. 2019ರ ತನಕ ನಾವೆಲ್ಲ ಹಾಗೆ ಅಂದುಕೊಂಡಿದ್ದೆವು. ಆ ವರ್ಷ ಜಮ್ಮು ಮತ್ತು ಕಾಶ್ಮೀರ ರಾಜ್ಯವನ್ನು ಒಡೆದು ಎರಡು ಕೇಂದ್ರಾಡಳಿತ ಪ್ರದೇಶ ಮಾಡಿದರು. ಜಮ್ಮು-ಕಾಶ್ಮೀರಕ್ಕೆ ಆದಷ್ಟು ಬೇಗ ರಾಜ್ಯದ ಸ್ಥಾನ ವಾಪಸ್ ಕೊಡಿ ಅಂತ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಹೇಳಿತು. 2024ರಲ್ಲಿ ಅಲ್ಲಿ ಚುನಾವಣೆ ಆಯಿತು, ಹೊಸ ಮಂತ್ರಿಮಂಡಳದ ಮೊದಲ ನಿರ್ಣಯಗಳಲ್ಲೇ ರಾಜ್ಯದ ಬೇಡಿಕೆ ಇತ್ತು. ಪುದುಚೇರಿಯ ವಿಧಾನಸಭೆಯೂ ಮತ್ತೆ ಮತ್ತೆ ನಿರ್ಣಯ ಮಾಡಿ ಕಳಿಸುತ್ತಿದೆ. 1963ರ ಕಾಯ್ದೆಯ ಆ ಐದು ಪ್ರದೇಶಗಳಲ್ಲಿ ರಾಜ್ಯವಾಗದೆ ಉಳಿದಿರೋದು ಅದೊಂದೇ. ಅಲ್ಲಿಯ ಜನರಿಗೂ ಒಂದು ಮತಪತ್ರ ಕೊಡಲಿ, ಅದರಲ್ಲಿ ಪೂರ್ಣ ರಾಜ್ಯ ಅನ್ನುವ ಆಯ್ಕೆಯನ್ನೂ ಅಚ್ಚು ಹಾಕಲಿ. 1967ರಲ್ಲಿ ಗೋವಾಕ್ಕೆ ಹಾಗೆ ಮಾಡಿದ್ದರೆ, 1986ರ ಡಿಸೆಂಬರಿನ ಆ ಏಳು ಜನ ಬದುಕಿರುತ್ತಿದ್ದರೋ ಏನೋ.